ಎಳ್ಳಮಾವಾಸ್ಯೆ ಮುಗಿಸಿ ಬಂದರೆ ತೂಕ 1.9 ಕೆ.ಜಿ. ಜಾಸ್ತಿ. ಏಳು ವಾರದ ಶ್ರಮ ಹೋಯಿತಾ?

ಬೆಳಗಿನ ನಡಿಗೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಮನಸ್ಸು ಸರಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 41 ವರ್ಷ. ಶಾಲೆಯಲ್ಲಿ ಪಾಠ ಮಾಡುತ್ತೇನೆ. ಏಳು ವಾರದ ಹಿಂದೆ ನನ್ನ ತೂಕ 78.4 ಕೆ.ಜಿ. ಇತ್ತು. ಮೊಣಕಾಲು ನೋವು ಶುರುವಾಗಿತ್ತು. ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರ್ ಹೇಳಿದ್ದರು. ಅವತ್ತೇ ಗಟ್ಟಿ ಮನಸ್ಸು ಮಾಡಿದೆ. ರಾತ್ರಿ ಮೂರು ರೊಟ್ಟಿ ತಿನ್ನುತ್ತಿದ್ದವಳು ಒಂದೂವರೆಗೆ ಬಂದೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋದರೆ ಮಿರ್ಚಿ ಭಜಿ ಗಾಡಿ ಹತ್ತಿರ ನಿಲ್ಲುವುದನ್ನೂ ಬಿಟ್ಟೆ. ದಿನಾ ಬೆಳಿಗ್ಗೆ ಅಪ್ಪನ ಕೆರೆ ಹತ್ತಿರ 45 ನಿಮಿಷ ನಡಿಗೆ. ಮೊದಲ ವಾರದಲ್ಲೇ 1.6 ಕೆ.ಜಿ. ಇಳಿಯಿತು. ಆಮೇಲೆ ನಿಧಾನ ಆಯಿತು, ಆದರೂ ಇಳಿಯುತ್ತಿತ್ತು. ಊರಿಗೆ ಹೊರಡುವ ದಿನ 74.6 ಇತ್ತು.

ಎಳ್ಳಮಾವಾಸ್ಯೆಗೆ ತವರಿಗೆ ಹೋಗಿದ್ದೆವು. ಹೊಲದಲ್ಲಿ ಪೂಜೆ ಮಾಡಿ, ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿ, ಎಲ್ಲರೂ ಗಿಡದ ನೆರಳಿಗೆ ಕೂತು ಊಟ. ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ, ಕಡಬು, ಪುಂಡಿ ಪಲ್ಯ, ಉಪ್ಪಿನಕಾಯಿ. ಅವ್ವನ ಕೈ ಅಡುಗೆ. ಬೇಡ ಅನ್ನಲು ಆಗಲಿಲ್ಲ, ಅನ್ನಬೇಕು ಅಂತಲೂ ಅನಿಸಲಿಲ್ಲ. ರಾತ್ರಿ ಮತ್ತೆ ಅದೇ ಭಜ್ಜಿ. ಮರುದಿನ ಬುತ್ತಿ ಕಟ್ಟಿ ಕೊಟ್ಟಳು, ಅದನ್ನೂ ತಿಂದೆ.

ಇವತ್ತು ಬೆಳಿಗ್ಗೆ ಮಷಿನ್ ಮೇಲೆ ನಿಂತರೆ 76.5. ಇಳಿದು ಮತ್ತೆ ನಿಂತೆ. ಅಷ್ಟೇ. ಎರಡು ದಿನದಲ್ಲಿ 1.9 ಕೆ.ಜಿ. ಬಂದಿದೆ. ಇಷ್ಟನ್ನು ಇಳಿಸಲು ನನಗೆ ಐದು ವಾರ ಹಿಡಿದಿತ್ತು. ಇವತ್ತು ನಡಿಗೆಗೂ ಹೋಗಲಿಲ್ಲ. ಹೋಗಿ ಏನು ಪ್ರಯೋಜನ ಅನಿಸಿತು. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ?

ತೊಗರಿ ಕಾಟಾ (ಕಲಬುರಗಿ)

ಅಕ್ಕಾ, ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಶ್ರಮ ಎಲ್ಲೂ ಹೋಗಿಲ್ಲ.

ನಾನು ದಾಲ್ ಮಿಲ್‌ನಲ್ಲಿ ಕಾಟಾ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದಿಂದ ದಿನಾ ತೂಕ ಬರೆಯುವುದೇ ನನ್ನ ಕೆಲಸ. ಅದಕ್ಕೇ ಈ ಮಾತು ಧೈರ್ಯವಾಗಿ ಹೇಳುತ್ತೇನೆ. ಲಾರಿ ಕಾಟಾ ಮೇಲೆ ನಿಂತಾಗ ಬರುವ ಅಂಕಿ ತೊಗರಿ ತೂಕ ಅಲ್ಲ. ಅದರಲ್ಲಿ ಲಾರಿ ಇದೆ, ಟ್ಯಾಂಕ್ ತುಂಬಾ ಡೀಸೆಲ್ ಇದೆ, ಡ್ರೈವರ್ ಇಳಿಯದಿದ್ದರೆ ಅವನೂ ಇದ್ದಾನೆ, ಮಳೆಗೆ ನೆನೆದ ತಾಡಪತ್ರಿ ಇದೆ. ಅದಕ್ಕೇ ನಾವು ಮಾಲು ಇಳಿಸಿ ಖಾಲಿ ಲಾರಿಯನ್ನು ಮತ್ತೆ ತೂಗುತ್ತೇವೆ.

ಮೈಯನ್ನು ಹಾಗೆ ಖಾಲಿ ಮಾಡಿ ತೂಗಲು ಬರುವುದಿಲ್ಲ ಅಲ್ವಾ? ನೀವು ಮಷಿನ್ ಮೇಲೆ ನಿಂತಾಗ ಬರುವುದು ತುಂಬಿದ ಲಾರಿ ತೂಕ. ಕೊಬ್ಬು, ಎಲುಬು, ರಕ್ತ, ಹೊಟ್ಟೆಯಲ್ಲಿರುವ ನಿನ್ನೆಯ ಊಟ, ಕುಡಿದ ನೀರು, ಎಲ್ಲಾ ಸೇರಿ 76.5.

ಇನ್ನೊಂದು ಮಾತು. ಈಗ ಹೊಸ ತೊಗರಿ ಬರುವ ಕಾಲ. ಚೀಲ ಬಂದ ಕೂಡಲೇ ನಾವು ನೋಡುವುದು ಹಸಿ ಎಷ್ಟಿದೆ ಅಂತ. ಸರ್ಕಾರದ ಖರೀದಿಯಲ್ಲಿ ತೇವಾಂಶ 12 ಪರ್ಸೆಂಟ್ ಮೀರಬಾರದು. ಯಾಕೆ? ಹಸಿ ಕಾಳು ಜಾಸ್ತಿ ತೂಗುತ್ತದೆ. ಎರಡು ದಿನ ಬಿಸಿಲಿಗೆ ಹಾಕಿದರೆ ಅದೇ ಚೀಲ ಕಡಿಮೆ ತೂಗುತ್ತದೆ. ಕಾಳು ಒಂದೂ ಕಡಿಮೆ ಆಗಿರುವುದಿಲ್ಲ, ನೀರು ಹೋಗಿರುತ್ತದೆ ಅಷ್ಟೇ. ನಿಮಗೆ ಬಂದಿರುವುದೂ ಅದೇ ಹಸಿ.

ರಾತ್ರಿ ಪಾಳಿ ನರ್ಸ್ (ಕಲಬುರಗಿ)

ಕಾಟಾ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅದಕ್ಕೆ ಲೆಕ್ಕ ಸೇರಿಸುತ್ತೇನೆ, ಲೆಕ್ಕ ನೋಡಿದರೆ ಟೀಚರ್ ಮನಸ್ಸು ಹಗುರ ಆಗುತ್ತದೆ.

ಒಂದು ಕೆ.ಜಿ. ಮೈಯ ಕೊಬ್ಬಿನಲ್ಲಿ ಹೆಚ್ಚುಕಡಿಮೆ 7,700 ಕ್ಯಾಲೊರಿ ಇರುತ್ತದೆ. ಹಾಗಾದರೆ 1.9 ಕೆ.ಜಿ. ಕೊಬ್ಬು ಬರಬೇಕಾದರೆ ಸುಮಾರು 14,600 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಜಾಸ್ತಿ ಅಂದರೆ ದಿನದ ಖರ್ಚಿನ ಮೇಲೆ ಜಾಸ್ತಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ 175 ಕ್ಯಾಲೊರಿ ಅಂತ ಹಿಡಿಯಿರಿ. ದಿನದ ಊಟ ಎಲ್ಲ ಮುಗಿಸಿ, ಅದರ ಮೇಲೆ 83 ರೊಟ್ಟಿ. ಎರಡು ದಿನದಲ್ಲಿ ಯಾರೂ ತಿನ್ನಲು ಸಾಧ್ಯವಿಲ್ಲ.

ಹಾಗಾದರೆ ಆ 1.9 ಎಲ್ಲಿಂದ ಬಂತು? ಮೂರು ಕಡೆಯಿಂದ.

ಮೊದಲನೆಯದು ಉಪ್ಪು. ನಾವು ಹಾಕುವ ಸಲೈನ್ ಬಾಟಲಿ ನೋಡಿರುತ್ತೀರಿ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ರಕ್ತದ ಉಪ್ಪಿಗೆ ಹೊಂದುವ ಪ್ರಮಾಣ ಅದು. ದೇಹ ಈ ಪ್ರಮಾಣವನ್ನು ಬಿಟ್ಟುಕೊಡುವುದಿಲ್ಲ. ನೀವು ಉಪ್ಪು ಜಾಸ್ತಿ ತಿಂದರೆ ಬಾಯಾರಿಕೆ ಮಾಡಿಸಿ ನೀರು ಕುಡಿಸುತ್ತದೆ, ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ, ಹಿಂಡಿ (ಖಾರದ ಚಟ್ನಿ), ಎರಡು ಹೊತ್ತು ಭಜ್ಜಿ ಸೇರಿ ನಾಲ್ಕೈದು ಗ್ರಾಂ ಉಪ್ಪು ಜಾಸ್ತಿ ಹೋದರೆ ಅರ್ಧ ಲೀಟರ್ ನೀರು ಮೈಯಲ್ಲಿ ನಿಂತಿತು ಅಂತಲೇ ಲೆಕ್ಕ. ಅರ್ಧ ಲೀಟರ್ ನೀರು ಅಂದರೆ ಅರ್ಧ ಕೆ.ಜಿ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಆದರೆ ಕೆಲವು ದಿನ ಬೇಕು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾ ಚಮಚ ಪೂರ್ತಿ ಆಗುವುದಿಲ್ಲ ಅದು.

ಎರಡನೆಯದು ಪಿಷ್ಟ ಮತ್ತು ಸಿಹಿ. ರೊಟ್ಟಿ, ಹೋಳಿಗೆ, ಕಡಬು ತಿಂದಾಗ ದೇಹ ಸ್ವಲ್ಪ ಸಕ್ಕರೆಯನ್ನು ಲಿವರ್ ಮತ್ತು ಮಾಂಸಖಂಡದಲ್ಲಿ ಕೂಡಿಡುತ್ತದೆ. ಇದಕ್ಕೆ ಗ್ಲೈಕೋಜನ್ ಅನ್ನುತ್ತಾರೆ. ದೊಡ್ಡವರ ದೇಹದಲ್ಲಿ ಸುಮಾರು 400ರಿಂದ 500 ಗ್ರಾಂ ಹಿಡಿಯುತ್ತದೆ. ವಿಶೇಷ ಏನೆಂದರೆ ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ನೀವು ಏಳು ವಾರ ಕಡಿಮೆ ತಿಂದಿದ್ದೀರಿ, ಆ ಕಣಜ ಅರ್ಧ ಖಾಲಿ ಇತ್ತು. ಹಬ್ಬಕ್ಕೆ 200 ಗ್ರಾಂ ತುಂಬಿತು ಅಂದರೆ ಜೊತೆಗೆ 600 ಗ್ರಾಂ ನೀರು. ಒಟ್ಟು 800 ಗ್ರಾಂ.

ಮೂರನೆಯದು ಸುಮ್ನೆ ಹೊಟ್ಟೆಯಲ್ಲಿರುವ ಊಟ. ಭಜ್ಜಿ ಅಂದರೆ ಹಸಿ ಕಾಳು, ಸೊಪ್ಪು, ನಾರು. ಅದು ಪೂರ್ತಿ ಹೊರಗೆ ಹೋಗಲು ಒಂದೆರಡು ದಿನ ಬೇಕು. ಪ್ರಯಾಣದಲ್ಲಿ ಹೊಟ್ಟೆ ಸರಿಯಾಗಿ ಹೋಗಿರುವುದಿಲ್ಲ, ಅದೂ ಸೇರಿಸಿ.

ಕೂಡಿಸಿ ನೋಡಿ, 1.9 ಹತ್ತಿರ ಬಂತು. ಕೊಬ್ಬು ಬಂದಿದ್ದರೂ ಅದರಲ್ಲಿ ನೂರಿನ್ನೂರು ಗ್ರಾಂ ಇರಬಹುದು. ಅಷ್ಟಕ್ಕೆ ಅವ್ವನ ಊಟದ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಬೈಕ್ ಸವಾರ (ಯಾದಗಿರಿ)

ನಾನೂ ತೂಕ ಇಳಿಸುತ್ತಿದ್ದೇನೆ. ನೀರಿನಿಂದಲೇ ತೂಕ ಜಾಸ್ತಿ ಅಂದ ಮೇಲೆ ನೀರು ಕಡಿಮೆ ಕುಡಿದರೆ ಆಯಿತಲ್ಲ? ಸೇಲ್ಸ್ ಕೆಲಸ ನನ್ನದು, ದಿನವಿಡೀ ಬಿಸಿಲಲ್ಲಿ ತಿರುಗುತ್ತೇನೆ. ಹೋದ ಮೇ ತಿಂಗಳಲ್ಲಿ ಸಂಜೆ ಮನೆಗೆ ಬಂದು ತೂಗಿದರೆ ಬೆಳಿಗ್ಗೆಗಿಂತ 1.2 ಕೆ.ಜಿ. ಕಡಿಮೆ ಇರುತ್ತಿತ್ತು. ಬೆವರಿನ ಜೊತೆ ಕೊಬ್ಬು ಕರಗಿತು ಅಂತ ಖುಷಿ ಪಡುತ್ತಿದ್ದೆ. ಜಿಮ್‌ನಲ್ಲಿ ಕೆಲವರು ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುತ್ತಾರೆ, ಅದೂ ಇದಕ್ಕೇ ಅಲ್ವಾ?

ರಾತ್ರಿ ಪಾಳಿ ನರ್ಸ್ (ಕಲಬುರಗಿ)

ಬೇಡ ತಮ್ಮ, ದಯವಿಟ್ಟು ಬೇಡ. ನಮ್ಮ ಭಾಗದ ಬೇಸಿಗೆ ನಿಮಗೇ ಗೊತ್ತು. 42, 43 ಡಿಗ್ರಿಯಲ್ಲಿ ನೀರು ಕಡಿಮೆ ಕುಡಿದು, ಮೇಲೆ ಪ್ಲಾಸ್ಟಿಕ್ ಹಾಕಿ ಓಡಿದರೆ ಮೈ ತಣ್ಣಗಾಗಲು ದಾರಿಯೇ ಇರುವುದಿಲ್ಲ. ಪ್ರತಿ ಬೇಸಿಗೆ ವಾರ್ಡಿಗೆ ಬಿಸಿಲು ಬಡಿದವರು ಬರುತ್ತಾರೆ. ತಲೆ ಸುತ್ತಿ, ಮಾತು ತೊದಲಿ, ಮೈ ಕೆಂಡದ ಹಾಗೆ ಸುಡುತ್ತಿರುತ್ತದೆ. ಅವರ ಕೈ ಹಿಡಿದು ನಾಡಿ ನೋಡಿದ್ದೇನೆ, ಆ ಬಿಸಿ ಮರೆಯಲು ಆಗುವುದಿಲ್ಲ.

ಬೆವರು ಅಂದರೆ ನೀರು ಮತ್ತು ಉಪ್ಪು, ಅದರಲ್ಲಿ ಕೊಬ್ಬು ಇಲ್ಲ. ಆ 1.2 ಕೆ.ಜಿ. ಒಂದು ಚೊಂಬು ನೀರು, ಒಂದು ಊಟಕ್ಕೆ ವಾಪಸ್ ಬರುತ್ತದೆ, ಬರಲೇಬೇಕು. ಕೊಬ್ಬು ಕರಗಿದಾಗ ಅದು ಎಲ್ಲಿ ಹೋಗುತ್ತದೆ ಗೊತ್ತಾ? ಬಹುಪಾಲು ಉಸಿರಿನಲ್ಲಿ. 10 ಕೆ.ಜಿ. ಕೊಬ್ಬು ಸುಟ್ಟರೆ ಸುಮಾರು 8.4 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್ ಆಗಿ ಉಸಿರಿನ ಜೊತೆ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ಬೆವರು ಸುರಿಯದ ಚಳಿಗಾಲದಲ್ಲೂ ಕೊಬ್ಬು ಕರಗುತ್ತದೆ.

ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯನ್ನು ಮೆಡಿಕಲ್ ಶಾಪ್‌ನಿಂದ ತಂದು ನುಂಗುವವರೂ ಇದ್ದಾರೆ. ಡಾಕ್ಟರ್ ಹೇಳದೆ ಅದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ಬೈಕ್ ಸವಾರ (ಯಾದಗಿರಿ)

ತುಂಬಾ ಥ್ಯಾಂಕ್ಸ್ ಅಕ್ಕ. ಇಷ್ಟು ಗೊತ್ತಿರಲಿಲ್ಲ. ನೀರಿನ ಬಾಟಲಿ ಇನ್ನು ಬೈಕ್ ಡಿಕ್ಕಿಯಲ್ಲೇ ಇರುತ್ತದೆ.

ಹಾಸುಗಲ್ಲು (ಶಹಾಬಾದ್)

ಟೀಚರ್, ನಿಮ್ಮ ಮಷಿನ್ ಎಲ್ಲಿ ಇಟ್ಟಿದ್ದೀರಿ? ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ನೋಡಲು ಸಮ ಕಾಣುತ್ತದೆ, ಆದರೆ ಪಾಲಿಶ್ ಮಾಡದ ಕಲ್ಲಿನಲ್ಲಿ ಉಬ್ಬು ತಗ್ಗು ಇದ್ದೇ ಇರುತ್ತದೆ. ಎರಡು ಕಲ್ಲಿನ ಸಂದಿ ಮೇಲೆ ಮಷಿನ್‌ನ ಒಂದು ಕಾಲು ಕೂತರೆ ಲೆಕ್ಕ ತಪ್ಪುತ್ತದೆ. ಈ ಡಿಜಿಟಲ್ ಮಷಿನ್‌ನ ನಾಲ್ಕೂ ಕಾಲಿನಲ್ಲಿ ಒಂದೊಂದು ಸೆನ್ಸರ್ ಇರುತ್ತದೆ. ನಾಲ್ಕರ ಮೇಲೂ ಭಾರ ಸರಿಯಾಗಿ ಬೀಳಬೇಕು.

ನಾನು ಒಂದು ದಿನ ಪರೀಕ್ಷೆ ಮಾಡಿದೆ. ಅಡುಗೆ ಮನೆ ಬಾಗಿಲಲ್ಲಿ 82.3. ಎರಡು ಹೆಜ್ಜೆ ಆಚೆ ಪಡಸಾಲೆಯಲ್ಲಿ 81.6. ಚಾಪೆ ಮೇಲೆ ಇಟ್ಟರೆ ಇನ್ನೂ ಬೇರೆ. ಆವತ್ತೇ ಪಡಸಾಲೆಯಲ್ಲಿ ಒಂದು ಅಗಲವಾದ ಕಲ್ಲು ನೋಡಿ, ಮಷಿನ್‌ನ ನಾಲ್ಕು ಮೂಲೆಗೆ ಸುಣ್ಣದ ಗುರುತು ಹಾಕಿದೆ. ದಿನಾ ಅಲ್ಲೇ ಇಡುತ್ತೇನೆ. ಮಷಿನ್ ಜಾಗ ಬದಲಿಸಿದ ಮೇಲೆ ಮೊದಲ ಸಲದ ಅಂಕಿಯನ್ನು ಬಿಡಿ, ಅದು ಸೊನ್ನೆಗೆ ಬಂದ ಮೇಲೆ ಎರಡನೇ ಸಲದ್ದು ತಗೊಳ್ಳಿ.

ಬೆಳಗಿನ ನಡಿಗೆ (ಕಲಬುರಗಿ)

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಕಣ್ಣು ತುಂಬಿ ಬಂತು. ನಮ್ಮದೂ ಹಾಸುಗಲ್ಲೇ. ಮಷಿನ್ ಮಂಚದ ಕೆಳಗೆ ಇರುತ್ತದೆ, ದಿನಾ ಎಳೆದು ಎಲ್ಲಿ ಬಂತೋ ಅಲ್ಲಿ ನಿಲ್ಲುತ್ತಿದ್ದೆ. ಇವತ್ತೇ ಗುರುತು ಹಾಕುತ್ತೇನೆ.

83 ರೊಟ್ಟಿ ಲೆಕ್ಕವನ್ನು ಮನೆಯವರಿಗೆ ಓದಿ ಹೇಳಿದೆ. ಸಂಜೆ ನಡಿಗೆಗೆ ಹೋಗಿ ಬಂದೆ.

ಒಂದು ಪ್ರಶ್ನೆ. ಹಾಗಾದರೆ ಮೊದಲ ವಾರ ಇಳಿದ 1.6 ಕೆ.ಜಿ. ಕೂಡ ನೀರೇನಾ?

ರಾತ್ರಿ ಪಾಳಿ ನರ್ಸ್ (ಕಲಬುರಗಿ)

ಅದರಲ್ಲಿ ದೊಡ್ಡ ಪಾಲು ನೀರೇ. ರೊಟ್ಟಿ, ಸಕ್ಕರೆ, ಭಜಿ ಒಮ್ಮೆಗೇ ಕಡಿಮೆ ಆದಾಗ ಗ್ಲೈಕೋಜನ್ ಖರ್ಚಾಗಿ ಅದರ ನೀರು ಹೊರಗೆ ಹೋಯಿತು. ಉಪ್ಪೂ ಕಡಿಮೆ ಆಯಿತು. ಆವತ್ತು ಹೋದ ನೀರಿನಲ್ಲಿ ಒಂದು ಭಾಗ ಮೊನ್ನೆ ಹಬ್ಬಕ್ಕೆ ಬಂದು ಹೋಗುತ್ತಿದೆ. ನಿಜವಾದ ಕೊಬ್ಬು ಇಳಿದಿದ್ದು ಆಮೇಲಿನ ಆರು ವಾರದಲ್ಲಿ, ನಿಧಾನವಾಗಿ. ಆ ನಿಧಾನವೇ ಒಳ್ಳೆಯದು.

ಎರಡು ಮಕ್ಕಳ ತಾಯಿ (ಹುಮನಾಬಾದ್)

ಈ ಮೊದಲ ವಾರದ ನೀರಿನ ಮೇಲೆಯೇ ಎಷ್ಟೋ ಜನ ವ್ಯಾಪಾರ ಮಾಡುತ್ತಾರೆ. ಎರಡು ವರ್ಷದ ಹಿಂದೆ ನನಗೂ ಒಬ್ಬರು ಪುಡಿ ಮಾರಿದರು. ಏಳು ದಿನದಲ್ಲಿ 4 ಕೆ.ಜಿ. ಅಂದರು. ಬೆಳಿಗ್ಗೆ ರಾತ್ರಿ ಊಟದ ಬದಲು ಪುಡಿ, ಮಧ್ಯಾಹ್ನ ಸೌತೆಕಾಯಿ. ಇಳಿಯಿತು, ಸುಳ್ಳು ಹೇಳಲ್ಲ, 3 ಕೆ.ಜಿ. ಇಳಿಯಿತು. ಹತ್ತನೇ ದಿನ ಮಗಳ ಹುಟ್ಟುಹಬ್ಬಕ್ಕೆ ಎರಡು ಹೊತ್ತು ಉಂಡೆ. ಮೂರು ದಿನದಲ್ಲಿ 2 ಕೆ.ಜಿ. ವಾಪಸ್. ಕೇಳಿದರೆ ತಪ್ಪು ನನ್ನದೇ, ನನಗೆ ಮನಸ್ಸು ಗಟ್ಟಿ ಇಲ್ಲ ಅಂದರು. ಆ ಮಾತು ತಿಂಗಳುಗಟ್ಟಲೆ ಕೊರೆಯುತ್ತಿತ್ತು. ಗ್ಲೈಕೋಜನ್ ವಿಷಯ ಆಗ ಯಾರಾದರೂ ಹೇಳಿದ್ದರೆ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಇನ್ನೊಂದು ವಿಷಯ, ಹೆಣ್ಣುಮಕ್ಕಳು ಗಮನಿಸಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿಯುತ್ತದೆ. ನನಗೆ ಪ್ರತಿ ತಿಂಗಳು ಒಂದು ಕೆ.ಜಿ. ಏರುತ್ತದೆ. ಉಂಗುರ ಬಿಗಿಯಾಗುತ್ತದೆ, ಬಳೆ ಕೈಯಿಂದ ಸುಲಭವಾಗಿ ಇಳಿಯುವುದಿಲ್ಲ. ಮುಟ್ಟು ಶುರುವಾಗಿ ಮೂರು ನಾಲ್ಕು ದಿನಕ್ಕೆ ತಾನೇ ಇಳಿಯುತ್ತದೆ. ಮೊದಲು ಆ ವಾರದಲ್ಲೇ ಸಿಟ್ಟು ಬಂದು ಎಲ್ಲಾ ಬಿಟ್ಟುಬಿಡುತ್ತಿದ್ದೆ. ಈಗ ಮುಟ್ಟು ಮುಗಿದ ನಂತರದ ವಾರವನ್ನು ಹೋದ ತಿಂಗಳಿನ ಅದೇ ವಾರಕ್ಕೆ ಹೋಲಿಸುತ್ತೇನೆ. ಹಿಂದಿನ ವಾರಕ್ಕೆ ಹೋಲಿಸಿದರೆ ಲೆಕ್ಕ ಸಿಗುವುದಿಲ್ಲ.

ಕೆಂಪು ಮಣ್ಣು (ಬೀದರ್)

ಹೊಸದಾಗಿ ವ್ಯಾಯಾಮ ಶುರು ಮಾಡಿದವರಿಗೂ ಇದೇ ಪಾಡು. ನಾನು ಜಿಮ್ ಸೇರಿದ ಮೊದಲ ವಾರ 1 ಕೆ.ಜಿ. ಜಾಸ್ತಿ ಆದೆ. ತೊಡೆ ನೋವಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅಭ್ಯಾಸ ಇಲ್ಲದ ಕೆಲಸ ಮಾಡಿದಾಗ ಮಾಂಸಖಂಡದಲ್ಲಿ ಸಣ್ಣ ಸಣ್ಣ ಗಾಯ ಆಗುತ್ತದೆ, ಅದನ್ನು ಸರಿ ಮಾಡಲು ದೇಹ ಅಲ್ಲಿಗೆ ನೀರು ಕಳಿಸುತ್ತದೆ. ನೋವು ಎರಡು ಮೂರು ದಿನ ಜೋರಾಗಿರುತ್ತದೆ, ತೂಕವೂ ಅಷ್ಟು ದಿನ ಜಾಸ್ತಿ ಕಾಣುತ್ತದೆ. ಕ್ರಿಯೇಟಿನ್ (ಜಿಮ್‌ಗೆ ಹೋಗುವವರು ತಗೊಳ್ಳುವ ಪುಡಿ) ತಗೊಳ್ಳುವವರಿಗೂ ಮೊದಲ ವಾರದಲ್ಲಿ ಒಂದೆರಡು ಕೆ.ಜಿ. ಏರಬಹುದು, ಅದೂ ಮಾಂಸಖಂಡದೊಳಗಿನ ನೀರೇ.

ಭೀಮಾ ದಂಡೆ (ಜೇವರ್ಗಿ)

ಎಲ್ಲರ ಮಾತೂ ಸರಿ, ಆದರೆ ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲಾ ಏರಿಳಿತ ಇದೆ ಅಂದ ಮೇಲೆ ದಿನಾ ಯಾಕೆ ತೂಗಬೇಕು? ವಾರಕ್ಕೆ ಒಂದು ಸಲ ಸಾಕು. ದಿನಾ ಮಷಿನ್ ಮೇಲೆ ನಿಂತರೆ ಟೀಚರ್‌ಗೆ ಆದ ಹಾಗೆ ಮನಸ್ಸು ಕೆಡುತ್ತದೆ. ನನ್ನ ಹೆಂಡತಿ ಬೆಳಿಗ್ಗೆ ಅಂಕಿ ನೋಡಿ, ಜಾಸ್ತಿ ಬಂದ ದಿನ ಮಧ್ಯಾಹ್ನದ ಊಟ ಬಿಡುತ್ತಿದ್ದಳು. ನೋಡಿ ನೋಡಿ ನನಗೆ ಸಹಿಸಲು ಆಗಲಿಲ್ಲ. ಮಷಿನ್ ತೆಗೆದು ಅಟ್ಟಕ್ಕೆ ಹಾಕಿದೆ.

ನನಗೆ ನನ್ನ ಉಡಿದಾರವೇ ಲೆಕ್ಕ. ಮೊದಲು ಹೊಟ್ಟೆಗೆ ಕಚ್ಚಿ ಗೆರೆ ಬೀಳುತ್ತಿತ್ತು. ಈಗ ನಾಲ್ಕು ಬೆರಳು ಹೋಗುತ್ತದೆ. ಮಷಿನ್ ನನಗೆ ಬೇಡ.

ತೊಗರಿ ಕಾಟಾ (ಕಲಬುರಗಿ)

ಅಣ್ಣಾ, ಅತ್ತಿಗೆಗೆ ನೀವು ಮಾಡಿದ್ದು ಸರಿ. ಅಂಕಿ ನೋಡಿ ಊಟ ಬಿಡುವವರಿಗೆ ಮಷಿನ್ ದೂರ ಇರುವುದೇ ಮೇಲು. ಆದರೆ ವಾರಕ್ಕೆ ಒಂದೇ ಸಲ ತೂಗುವುದರಲ್ಲಿ ಒಂದು ಮೋಸ ಇದೆ. ಟೀಚರ್ ವಾರದ ತೂಕವನ್ನು ಊರಿಂದ ಬಂದ ಮರುದಿನವೇ ನೋಡುವವರಾಗಿದ್ದರೆ? ಅವರಿಗೆ ಸಿಗುತ್ತಿದ್ದುದು ಆ 76.5 ಒಂದೇ. ಅದನ್ನೇ ನಂಬಿ ಏಳು ದಿನ ಕಾಯಬೇಕಿತ್ತು.

ನಮ್ಮಲ್ಲಿ ಒಂದು ಲೋಡಿನ ಗುಣ ನೋಡಬೇಕಾದರೆ ಒಂದೇ ಚೀಲಕ್ಕೆ ಬಂಬು (ಕಾಳು ತೆಗೆಯುವ ಚೂಪು ಕೊಳವೆ) ಚುಚ್ಚುವುದಿಲ್ಲ. ಮೇಲಿನದು, ಕೆಳಗಿನದು, ಮೂಲೆಯದು ಅಂತ ಹತ್ತಾರು ಚೀಲದಿಂದ ಕಾಳು ತೆಗೆದು ಕೂಡಿಸಿ ನೋಡುತ್ತೇವೆ. ತೂಕಕ್ಕೂ ಹಾಗೇ ಮಾಡಿ. ದಿನಾ ಬೆಳಿಗ್ಗೆ ಎದ್ದು, ಬಾತ್‌ರೂಮ್‌ಗೆ ಹೋಗಿ ಬಂದು, ಏನೂ ತಿನ್ನುವ ಕುಡಿಯುವ ಮೊದಲು ತೂಗಿ. ಬರೆದಿಟ್ಟು ಮರೆತುಬಿಡಿ. ಏಳು ದಿನ ಆದ ಮೇಲೆ ಏಳನ್ನೂ ಕೂಡಿಸಿ ಏಳರಿಂದ ಭಾಗಿಸಿ. ಆ ಒಂದು ಅಂಕಿಯನ್ನು ಹೋದ ವಾರದ ಅಂಕಿಗೆ ಹೋಲಿಸಿ.

ಭೀಮಾ ದಂಡೆ (ಜೇವರ್ಗಿ)

ಇದು ಒಪ್ಪುವ ಮಾತು. ಆದರೂ ದಿನಾ ನೋಡಿ ಮರೆಯುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಮನಸ್ಸು ತಡೆಯುವವರು ದಿನಾ ತೂಗಲಿ, ತಡೆಯದವರು ಟೇಪ್ ಹಿಡಿಯಲಿ.

ರಾತ್ರಿ ಪಾಳಿ ನರ್ಸ್ (ಕಲಬುರಗಿ)

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಟೇಪ್ ಹಿಡಿಯುವವರು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಹಿಡಿಯಿರಿ, ಉಸಿರು ಬಿಟ್ಟ ಮೇಲೆ ನೋಡಿ, ಹೊಟ್ಟೆ ಒಳಗೆ ಎಳೆಯಬೇಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಶುಗರ್, ಬಿ.ಪಿ. ಅಪಾಯ ಜಾಸ್ತಿ ಅಂತ ಲೆಕ್ಕ. ಆದರೆ ನೆನಪಿಡಿ, ಗ್ಯಾಸ್ ತುಂಬಿದ ದಿನ ಟೇಪ್ ಕೂಡ ಒಂದೆರಡು ಸೆಂ.ಮೀ. ಜಾಸ್ತಿ ತೋರಿಸುತ್ತದೆ.

ಈಗ ಒಂದು ಮುಖ್ಯ ಮಾತು. ಎಲ್ಲಾ ಏರಿಳಿತವೂ ನೀರು, ಸುಮ್ನೆ ಬಿಡಿ ಅಂತ ನಾನು ಹೇಳಲ್ಲ. ಒಂದು ವಾರದಲ್ಲಿ 2 ಕೆ.ಜಿ.ಗಿಂತ ಜಾಸ್ತಿ ಏರಿ ಇಳಿಯುತ್ತಲೇ ಇಲ್ಲ, ಜೊತೆಗೆ ಕಾಲು ಊದಿಕೊಂಡಿದೆ, ಪಾದದ ಮೇಲೆ ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ಅದು ಹಬ್ಬದ ನೀರಲ್ಲ. ಹೃದಯ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಬೇಕು. ತಡ ಮಾಡಬೇಡಿ. ಮೊದಲೇ ಹೃದಯದ ತೊಂದರೆ ಇರುವವರು ಒಂದೇ ದಿನದಲ್ಲಿ ಒಂದು ಕೆ.ಜಿ. ಏರಿದರೂ ಡಾಕ್ಟರ್‌ಗೆ ಫೋನ್ ಮಾಡಿ. ಹಾಗೆಯೇ ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಾ ಹೋದರೂ ತೋರಿಸಿ. ಶುಗರ್, ಥೈರಾಯ್ಡ್, ಟಿ.ಬಿ. ಎಲ್ಲವೂ ಹಾಗೆ ಶುರುವಾಗಬಹುದು.

ದರ್ಗಾ ರಸ್ತೆ (ಕಲಬುರಗಿ)

ನಮ್ಮ ಮನೆಯ ಅನುಭವ ಹೇಳುತ್ತೇನೆ. ಹೋದ ವರ್ಷ ರಂಜಾನ್‌ನಲ್ಲಿ ದಿನಾ ಎರಡು ಸಲ ತೂಗಿದೆ, ಕುತೂಹಲಕ್ಕೆ. ಸೆಹ್ರಿ (ನಸುಕಿನ ಊಟ) ಆದ ಮೇಲೆ ಒಂದು ಸಲ, ಸಂಜೆ ಇಫ್ತಾರ್‌ಗೆ ಮುಂಚೆ ಒಂದು ಸಲ. ಬಿಸಿಲ ದಿನಗಳಲ್ಲಿ ಒಂದೂವರೆ ಕೆ.ಜಿ. ವ್ಯತ್ಯಾಸ ಬರುತ್ತಿತ್ತು. ಖರ್ಜೂರ, ಶರಬತ್, ಊಟ ಆದ ಮೇಲೆ ಅದು ಮತ್ತೆ ಮೇಲೆ. ತಿಂಗಳ ಕೊನೆಗೆ 2 ಕೆ.ಜಿ. ಇಳಿದಿದ್ದೆ. ಈದ್ ಮುಗಿದು ನಾಲ್ಕು ದಿನಕ್ಕೆ 1.3 ವಾಪಸ್ ಬಂತು. ನನಗೂ ಟೀಚರ್ ಹಾಗೇ ಬೇಸರ ಆಗಿತ್ತು. ಆದರೆ ನಮ್ಮ ಅಬ್ಬಾ (ಅಪ್ಪ) ಹೇಳಿದರು, ರೋಜಾ (ಉಪವಾಸ) ತೂಕಕ್ಕಾಗಿ ಇಟ್ಟಿದ್ದಲ್ಲ ಅಂತ. ಆ ಮಾತಿಗೆ ಸಮಾಧಾನ ಆಯಿತು. ಈದ್ ಆದ ಮೇಲೆ ರಾತ್ರಿ ಊಟ ಬೇಗ ಮುಗಿಸುವ ಅಭ್ಯಾಸ ಹಾಕಿಕೊಂಡೆ, ಅದರಿಂದಲೇ ಮುಂದಿನ ನಾಲ್ಕು ತಿಂಗಳಲ್ಲಿ ನಿಧಾನಕ್ಕೆ ಇಳಿದೆ.

ಬೆಳಗಿನ ನಡಿಗೆ (ಕಲಬುರಗಿ)

ಎರಡು ವಾರ ಆಯಿತು. ಹೇಳದೆ ಇದ್ದರೆ ತಪ್ಪಾಗುತ್ತದೆ ಅಂತ ಬಂದೆ.

ಕಾಟಾ ಅಣ್ಣ ಹೇಳಿದ ಹಾಗೆ ದಿನಾ ಬರೆದಿದ್ದೇನೆ. ಹಬ್ಬಕ್ಕೆ ಮುಂಚಿನ ವಾರದ ಅಂಕಿಗಳೂ ಡೈರಿಯಲ್ಲಿ ಇದ್ದವು.

ಹಬ್ಬಕ್ಕೆ ಮುಂಚೆ: 75.1, 75.3, 74.9, 75.0, 74.7, 74.8, 74.6. ಸರಾಸರಿ 74.9.

ಊರಿಂದ ಬಂದ ವಾರ: 76.5, 76.2, 75.8, 75.2, 74.8, 74.5, 74.4. ಸರಾಸರಿ 75.3.

ಈ ವಾರ: 74.3, 74.6, 74.4, 74.1, 74.2, 73.9, 74.0. ಸರಾಸರಿ 74.2.

ಊರಿಂದ ಬಂದ ಮೇಲೆ ನಾನು ಏನೂ ವಿಶೇಷ ಮಾಡಲಿಲ್ಲ. ಉಪವಾಸ ಮಾಡಲಿಲ್ಲ. ಅದೇ ಒಂದೂವರೆ ರೊಟ್ಟಿ, ತೊಗರಿ ಬೇಳೆ, ಪಲ್ಯ, ಅದೇ ನಡಿಗೆ. ಬೆಳಿಗ್ಗೆ ಬೆಳಿಗ್ಗೆ ಅಂಕಿ ತಾನೇ ಇಳಿಯುತ್ತಾ ಹೋಯಿತು. ಐದನೇ ದಿನ ರಾತ್ರಿ ಎರಡು ಸಲ ಎದ್ದು ಬಾತ್‌ರೂಮ್‌ಗೆ ಹೋದೆ. ಬೇರೆ ದಿನವಾಗಿದ್ದರೆ ನಿದ್ದೆ ಕೆಟ್ಟಿತು ಅನ್ನುತ್ತಿದ್ದೆ. ಆವತ್ತು ನೀರು ಹೋಗುತ್ತಿದೆ ಅಂತ ನೆಮ್ಮದಿಯಿಂದ ಮಲಗಿದೆ.

ತೊಗರಿ ಕಾಟಾ (ಕಲಬುರಗಿ)

ನೋಡಿದಿರಾ ಅಕ್ಕ! ನಡುವಿನ ವಾರದ ಸರಾಸರಿ ಮೇಲೆ ಹೋಗಿದೆ, ಅದರಿಂದ ಗಾಬರಿ ಬೇಡ. ಹಬ್ಬ ದೊಡ್ಡದಾದರೆ ಒಂದು ವಾರದ ಸರಾಸರಿಯನ್ನೂ ಅದು ಎತ್ತುತ್ತದೆ. ಹಬ್ಬದ ಆಚೆ ಈಚೆ ನೋಡಿ. 74.9 ಇದ್ದಿದ್ದು 74.2 ಆಗಿದೆ. ಎರಡು ವಾರಕ್ಕೆ 700 ಗ್ರಾಂ. ಹಬ್ಬಕ್ಕೆ ಮುಂಚಿನ ಆರು ವಾರದಲ್ಲಿ ನೀವು ಇಳಿದಿದ್ದೂ ವಾರಕ್ಕೆ ಸುಮಾರು 350 ಗ್ರಾಂನ ಲೆಕ್ಕದಲ್ಲೇ. ಹಬ್ಬ ನಡುವೆ ಬಂದು ಹೋಯಿತು, ನಿಮ್ಮ ಲೆಕ್ಕ ತಪ್ಪಲಿಲ್ಲ.

ಎರಡನೇ ದಿನ 74.6 ಅಂತ ಏರಿದೆಯಲ್ಲ, ಆ ದಿನ ಏನಾಗಿತ್ತು?

ಬೆಳಗಿನ ನಡಿಗೆ (ಕಲಬುರಗಿ)

ಹಿಂದಿನ ರಾತ್ರಿ ಸಹೋದ್ಯೋಗಿ ಮನೆಯಲ್ಲಿ ತಹರಿ ಊಟ, ಜೊತೆಗೆ ಹಪ್ಪಳ. ಮಲಗಿದ್ದೂ ತಡ. ಬೆಳಿಗ್ಗೆ ಉಂಗುರ ಬಿಗಿಯಾಗಿತ್ತು. ಅಂಕಿ ನೋಡುವ ಮೊದಲೇ ಇವತ್ತು ಜಾಸ್ತಿ ಇರುತ್ತದೆ ಅಂತ ಗೊತ್ತಾಯಿತು. ಬರೆದೆ, ಡೈರಿ ಮುಚ್ಚಿದೆ, ಕೆರೆ ಕಡೆ ಹೊರಟೆ.

ಎರಡು ಮಕ್ಕಳ ತಾಯಿ (ಹುಮನಾಬಾದ್)

ಇದನ್ನು ಓದಿ ಎಷ್ಟು ಖುಷಿ ಆಯಿತು ಅಂದರೆ, ನಾನೂ ನಾಳೆಯಿಂದ ಮತ್ತೆ ಶುರು ಮಾಡುತ್ತೇನೆ. ಪುಡಿ ಇಲ್ಲದೆ.

ರಾತ್ರಿ ಪಾಳಿ ನರ್ಸ್ (ಕಲಬುರಗಿ)

ಟೀಚರ್, ಶುಗರ್ ಗಡಿಯಲ್ಲಿದೆ ಅಂದಿದ್ದಿರಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದಕ್ಕೆ ಹಸಿದ ಹೊಟ್ಟೆ ಬೇಕಿಲ್ಲ. ಒಂದು ದಿನದ ಹೋಳಿಗೆಗೆ ಅದು ಅಲುಗಾಡುವುದೂ ಇಲ್ಲ. ಶುರು ಮಾಡಿ ಮೂರು ತಿಂಗಳು ತುಂಬಿದ ಮೇಲೆ ಮಾಡಿಸಿದರೆ ನಿಮ್ಮ ನಡಿಗೆಯ ಫಲ ಅಲ್ಲಿ ಕಾಣುತ್ತದೆ. ಮೊಣಕಾಲು ಹೇಗಿದೆ?

ಬೆಳಗಿನ ನಡಿಗೆ (ಕಲಬುರಗಿ)

ಖಂಡಿತ ಮಾಡಿಸುತ್ತೇನೆ. ಮೊಣಕಾಲು ಮೊದಲಿಗಿಂತ ವಾಸಿ. ಶಾಲೆಯ ಮೇಲಿನ ಮಹಡಿಗೆ ಹತ್ತುವಾಗ ಮೆಟ್ಟಿಲ ಕಂಬಿ ಹಿಡಿಯುತ್ತಿದ್ದೆ. ಹೋದ ವಾರ ಎರಡು ಕೈಯಲ್ಲೂ ನೋಟ್‌ಬುಕ್ ಹಿಡಿದು ಹತ್ತಿದೆ. ಮೇಲೆ ಹೋದ ಮೇಲೆ ಅದು ಗಮನಕ್ಕೆ ಬಂತು.

ಇವತ್ತು ಸಂಕ್ರಾಂತಿ. ಅಡುಗೆ ಮನೆಯಲ್ಲಿ ಎಣ್ಣೆಗಾಯಿ ಆಗುತ್ತಿದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯಬೇಕು. ಅವ್ವನೂ ಊರಿಂದ ಬಂದಿದ್ದಾಳೆ. ಅವಳ ಪಕ್ಕ ಕೂತು ಊಟ ಮಾಡುತ್ತೇನೆ. ನಾಳೆ ಬೆಳಿಗ್ಗೆ ಎಷ್ಟು ಬಂದರೂ ಡೈರಿಯಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಸಂಕ್ರಾಂತಿ ಅಂತಲೂ ಬರೆಯುತ್ತೇನೆ. ಎಲ್ಲರಿಗೂ ಹಬ್ಬದ ಶುಭಾಶಯ.